ಪಾಸ್ಟರ್ ಹೇಳಿದ್ದು, ನಾನು ಹೇಳಿದ್ದು

12 ಜನವರಿ 2025, ಭಾನುವಾರ. ಸಂಜೆ 7

ಗಂಟಲು ಬಿದ್ದುಹೋಗಿದೆ. ಐವತ್ತೆಂಟು ನಿಮಿಷ. ಪಾಸ್ಟರ್ ಇಂಗ್ಲಿಷಿನಲ್ಲಿ ಒಂದು ವಾಕ್ಯ, ನಾನು ಕನ್ನಡದಲ್ಲಿ ಒಂದು ವಾಕ್ಯ. ಅವನದು ಇಪ್ಪತ್ತೊಂಬತ್ತರ ಗಂಟಲು, ನನ್ನದು ಐವತ್ಮೂರರದು. ಯಾರಿಗೂ ಇದು ಹೊಳೆಯುವುದಿಲ್ಲ. ಸಭೆ ಮುಗಿದ ಮೇಲೆ ಚಹಾ ಮೊದಲು ಪಾಸ್ಟರಿಗೆ.

ಹೊಸ ಪಾಸ್ಟರ್ ರೋಹನ್ ಬಂದು ಐದನೇ ವಾರ. ತಂದೆ ತಾಯಿ ದಾವಣಗೆರೆ ಕಡೆಯವರು, ಹುಡುಗ ಬೆಳೆದದ್ದು ಸೂರತ್‌ನ ಅಡಾಜಣ್‌ನಲ್ಲಿ. ಕನ್ನಡ ಅರ್ಥವಾಗುತ್ತದಂತೆ — ನಿಧಾನವಾಗಿ, ಕೈ ಆಡಿಸಿ ಹೇಳಿದರೆ. ಮಾತಾಡಲು ಬರುವುದಿಲ್ಲ. ವಡೋದರಾದ ಏಕೈಕ ಕನ್ನಡ ಬ್ಯಾಪ್ಟಿಸ್ಟ್ ಸಭೆಗೆ ಕನ್ನಡ ಬಾರದ ಪಾಸ್ಟರ್! ಹಳೆಯ ಪಾಸ್ಟರ್ ನಿವೃತ್ತರಾದ ಮೇಲೆ ಹದಿನಾಲ್ಕು ತಿಂಗಳು ಹುಡುಕಿ ಸಿಕ್ಕವನು ಇವನೊಬ್ಬನೇ. ಹನ್ನೊಂದು ವರ್ಷದಿಂದ ಅತಿಥಿ ಬೋಧಕರು ಬಂದಾಗ ತರ್ಜುಮೆ ಮಾಡುತ್ತಿದ್ದೆ, ತಿಂಗಳಿಗೊಮ್ಮೆ. ಈಗ ವಾರ ವಾರ.

ಇವತ್ತು ‘ದೇವರು ನಿಮ್ಮ ಥರ್ಡ್ ಅಂಪೈರ್ ಅಲ್ಲ’ ಅಂದ. ಮುಂದಿನ ಮೂರು ಸಾಲು ಪೂರಾ ಎಪ್ಪತ್ತು ದಾಟಿದವರು. ‘ಆಟ ಮುಗಿದ ಮೇಲೆ ಸಾಕ್ಷಿ ಕೇಳಿ ತೀರ್ಪು ಕೊಡುವ ಪಂಚನಲ್ಲ ದೇವರು’ ಅಂದೆ. ಏನೋ ಒಂದು. ಉತ್ತರಾಯಣಕ್ಕೆ ಇನ್ನು ಎರಡೇ ದಿನ, ಪಕ್ಕದ ತಾರಸಿಯಲ್ಲಿ ಮಕ್ಕಳು ಗಾಳಿಪಟ ಕಡಿದು ‘ಕಾಪ್ಯೋ ಛೇ’ ಅಂತ ಕೂಗಿದಾಗಲೆಲ್ಲ ಸಭೆಯ ಆಡಳಿತ ನೋಡಿಕೊಳ್ಳುವ ಡೀಕನ್ ಬಾಲಕೃಷ್ಣ ಅವರು ಬೆಚ್ಚಿಬಿದ್ದು ‘ಆಮೆನ್’ ಅನ್ನುತ್ತಿದ್ದರು. ನಿದ್ದೆಯಿಂದ ಎದ್ದು.

ಮನೆಗೆ ಬಂದ ಮೇಲೆ ಅತ್ತೆ: “ಆ ಹುಡುಗ ಏನಂತಾನೋ ನನಗ ತಿಳೀಲಿಲ್ಲ. ನೀ ಅಂದದ್ದು ಚಲೋ ಇತ್ತು.”

ಇದನ್ನು ಅವನಿಗೆ ತರ್ಜುಮೆ ಮಾಡಲಿಲ್ಲ.

25 ಜನವರಿ, ಶನಿವಾರ

ರೋಹನ್‌ನಿಂದ ನಾಳೆಯ ನೋಟ್ಸ್ ಬಂತು. ‘ಫೈನಲ್’. ಅರ್ಧ ಗಂಟೆಗೆ ‘ಫೈನಲ್ 2’. ಆಮೇಲೆ ‘ಇದನ್ನೇ ನೋಡಿ ಆಂಟಿ’. ಆಫೀಸಿನಲ್ಲಿ ವಿಮಾ ಪಾಲಿಸಿ ಫೈಲುಗಳ ರಾಶಿ, ಮನೆಯಲ್ಲಿ ಇದು.

ಹೊಸ ಸರಣಿ ಶುರು ಮಾಡುತ್ತಾನಂತೆ: ‘ನಾವು ಯಾರು?’ ಬ್ಯಾಪ್ಟಿಸ್ಟರ ಇತಿಹಾಸ. ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಓಡಿ ಹಾಲೆಂಡಿಗೆ ಹೋದ ಒಬ್ಬ ಪಾದ್ರಿ. ಶಿಶುಗಳಿಗೆ ಕೊಡುವ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ, ನಂಬಿದವರಿಗೆ ಮಾತ್ರ ಅದು, ಅಂತ ತೀರ್ಮಾನಿಸಿದ. ತನಗೆ ಕೊಡಲು ಯೋಗ್ಯರಾದವರು ಯಾರೂ ಕಾಣಲಿಲ್ಲ. ತನಗೆ ತಾನೇ ಕೊಟ್ಟುಕೊಂಡ. ಓದಿ ನಗು ಬಂತು. ಇಂಥವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ.

9 ಫೆಬ್ರವರಿ, ಭಾನುವಾರ. ಸಂಜೆ 7.30

ರೋಹನ್ ಇವತ್ತು ಉಪದೇಶ ಮಾಡಿದ ಪ್ರಸಂಗ ದೀಕ್ಷಾಸ್ನಾನದ ಮೇಲೆ. ಗೂಗಲ್‌ನಲ್ಲಿ ಹುಡುಕಿಕೊಂಡು ಬಂದಿದ್ದ. “ನಿಮ್ಮ ಕನ್ನಡ ಪದವೇ ಹೇಳುತ್ತದೆ — ಸ್ನಾನ! ಮೂರು ಹನಿ ನೀರಲ್ಲಿ ಯಾರಾದರೂ ಸ್ನಾನ ಮಾಡುತ್ತಾರಾ?” ಹಿಂದಿನ ಸಾಲಿನ ಪಡ್ಡೆ ಹುಡುಗರು ನಕ್ಕರು. ‘ನಿಮ್ಮ’ ಕನ್ನಡವಂತೆ.

ತರ್ಜುಮೆ ಮಾಡುವಾಗ ಅತ್ತೆಯ ಕಡೆ ನೋಡಲಿಲ್ಲ.

ಅತ್ತೆ ಬೆಟಗೇರಿಯವರು. ಹುಟ್ಟುತ್ತಲೇ ಮಿಷನ್ ಸಭೆ. ಇಪ್ಪತ್ತು ದಿನದ ಕೂಸಿದ್ದಾಗ ಪಾದ್ರಿ ಹಣೆಗೆ ನೀರು ಹಾಕಿದ್ದು. ಅಲ್ಲಿ ಹಾಗೆಯೇ. ನನಗೂ ಹಾಗೆಯೇ ಆಗಿತ್ತು, ಹುಬ್ಬಳ್ಳಿಯಲ್ಲಿ. ನನ್ನ ಗಂಡ ಪ್ರಸನ್ನನಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾಗಿ, ಕನ್ನಡದ ಸಭೆ ಅಂತ ಇದ್ದದ್ದು ಇದೊಂದೇ ಆಗಿ, ಸದಸ್ಯತ್ವಕ್ಕೆ ಮುಳುಗಲೇಬೇಕು ಅಂದಾಗ 2013ರಲ್ಲಿ ನಾವಿಬ್ಬರೂ ಗುಜರಾತಿ ಚರ್ಚಿನ ತೊಟ್ಟಿಯಲ್ಲಿ ಮುಳುಗಿ ಎದ್ದೆವು. ನಿಜ ಹೇಳಬೇಕೆಂದರೆ ನನಗೆ ಒಂದು ಫಾರ್ಮ್ ತುಂಬಿದ ಹಾಗಿತ್ತು. ಮೂಗಿಗೆ ನೀರು ಹೋಗಿ ಎರಡು ದಿನ ನೆಗಡಿ.

ಅತ್ತೆ ಬಂದದ್ದು ಆಮೇಲೆ. ಮುಳುಗಿದ್ದೀರಾ ಅಂತ ಹಳೆಯ ಪಾಸ್ಟರ್ ಅತ್ತೆಯನ್ನು ಕೇಳಲಿಲ್ಲ. ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ, ಅತ್ತೆಯೂ ಎಲ್ಲರ ಜೊತೆ ರೊಟ್ಟಿ ತೆಗೆದುಕೊಳ್ಳುತ್ತಿದ್ದರು. ಪ್ರಸನ್ನ ತೀರಿಕೊಂಡ ತಿಂಗಳೂ ತಪ್ಪಿಸಲಿಲ್ಲ.

ಊಟಕ್ಕೆ ಕೂತಾಗ ತಾವೇ ತೆಗೆದರು. “ಮೂರು ಹನಿಯಾಗ ಸ್ನಾನ ಆಗೂದಿಲ್ಲಂತ. ಬ್ಯಾಸಿಗ್ಯಾಗ ಬೆಟಗೇರಿಗೆ ಬರಾಕ ಹೇಳು ಅವಗ. ಒಂದು ತಂಬಿಗಿ ನೀರಾಗ ಮನಿ ಮಂದಿ ಎಲ್ಲಾ ಜಳಕ ಮಾಡೀವಿ.”

ನಕ್ಕೆ. ಅವರು ನಗಲಿಲ್ಲ.

2 ಮಾರ್ಚ್, ಭಾನುವಾರ. ಸಂಜೆ 8

ಬರೆಯಲೋ ಬೇಡವೋ. ಬರೆಯುತ್ತೇನೆ.

‘ಕೊನೆಯಲ್ಲಿ ಒಂದು ಪ್ರಕಟಣೆ ಇದೆ ಆಂಟಿ’ ಅಂದಿದ್ದ. ನೋಟ್ಸಿನಲ್ಲಿರಲಿಲ್ಲ. ಪ್ರಸಂಗ ಮುಗಿಯಿತು. ಮೇಜಿನ ಮೇಲೆ ರೊಟ್ಟಿಯ ತಟ್ಟೆ, ಚಿಕ್ಕ ಲೋಟಗಳು. ಅವನು ಕಾಗದ ತೆಗೆದು ಇಂಗ್ಲಿಷಿನಲ್ಲಿ ಓದಿದ: “ಡೀಕನ್ನರೂ ನಾನೂ ಪ್ರಾರ್ಥಿಸಿ ತೀರ್ಮಾನಿಸಿದ್ದೇವೆ. ಇವತ್ತಿನಿಂದ, ತಾವಾಗಿ ನಂಬಿ, ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರು ಮಾತ್ರ ಈ ಭೋಜನದಲ್ಲಿ ಪಾಲುಗೊಳ್ಳಬೇಕು. ಉಳಿದವರು ದಯವಿಟ್ಟು ತಟ್ಟೆಯನ್ನು ಮುಂದಕ್ಕೆ ದಾಟಿಸಿ. ಬೇಸರ ಮಾಡಿಕೊಳ್ಳಬೇಡಿ. ಎಲ್ಲರೂ ನಮಗೆ ಪ್ರಿಯರೇ.”

ನನ್ನ ಕಡೆ ತಿರುಗಿದ. ನಾನು ಮೂರನೇ ಸಾಲು ನೋಡಿದೆ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಸಿದ್ಧರಾಗುತ್ತಿದ್ದರು. ಈ ಹಾಲ್‌ನಲ್ಲಿ ಮುಳುಗದೆ ಉಳಿದಿರುವವರು ಇಬ್ಬರೋ ಮೂವರೋ. ಅದರಲ್ಲಿ ಎಂಬತ್ತೊಂದು ವರ್ಷದವರು ಒಬ್ಬರೇ.

ಬಾಯಿ ತೆರೆದೆ. “ಈ ಭೋಜನಕ್ಕೆ ಬರುವವರು ತಮ್ಮ ತಮ್ಮ ಮನಸ್ಸನ್ನು ಪರೀಕ್ಷಿಸಿಕೊಂಡು ಬರಬೇಕು. ಎಲ್ಲರೂ ನಮಗೆ ಪ್ರಿಯರೇ.”

ಕೊನೆಯ ವಾಕ್ಯ ಮಾತ್ರ ಸರಿಯಾಗಿ ತರ್ಜುಮೆ ಮಾಡಿದೆ.

ರೋಹನ್ ಕಾದ. ಅವನದು ಅಷ್ಟುದ್ದ, ನನ್ನದು ಇಷ್ಟೇ. ನಾನು ಪುಸ್ತಕ ಮುಚ್ಚಿದೆ. ಹಿಂದೆ ಕೂತಿದ್ದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಲಕೃಷ್ಣ ಅವರಿಗೆ ಈ ಸಲ ನಿದ್ದೆ ಬಂದಿರಲಿಲ್ಲ. ತಟ್ಟೆ ಹಿಡಿದು ಬಂದು ನನ್ನನ್ನೇ ದಿಟ್ಟಿಸಿದರು. ಆದರೂ ಅತ್ತೆಯ ಮುಂದೆ ತಟ್ಟೆ ಹಿಡಿದರು. ಅತ್ತೆ ತೆಗೆದುಕೊಂಡರು. ಕಣ್ಣು ಮುಚ್ಚಿದರು.

ಹನ್ನೊಂದು ವರ್ಷ ಆ ಜಾಗದಲ್ಲಿ ನಿಂತು ನನ್ನದು ಅಂತ ಒಂದು ಮಾತು ಆಡಿಲ್ಲ. ಥರ್ಡ್ ಅಂಪೈರ್‌ನನ್ನು ಪಂಚ ಮಾಡಿದ್ದಿದೆ, ಅದು ಬೇರೆ. ಇವತ್ತು ಮಾಡಿದ್ದು ಬೇರೆ. ಗೊತ್ತಿದೆ ನನಗೆ.

3 ಮಾರ್ಚ್, ಸೋಮವಾರ. ಆಫೀಸು, ಮಧ್ಯಾಹ್ನ

ಬೆಳಿಗ್ಗೆ ಬಾಲಕೃಷ್ಣ ಅವರ ಫೋನ್. “ಪದ್ಮಾ ಸಿಸ್ಟರ್, ನಾನು ಮೂವತ್ತನೇ ವಯಸ್ಸಿಗೆ ತುಂಗಭದ್ರಾ ಕಾಲುವೇಲಿ ಮುಳುಗಿ ಎದ್ದೋನು. ಕ್ರೈಸ್ತನಾದ್ಮೇಲೆ ಹೆಸರು ಬದಲಾಯ್ಸು ಅಂದ್ರು, ಬದಲಾಯ್ಸಲಿಲ್ಲ, ಮನಸ್ಸು ಬದಲಾಯ್ಸಿದ್ದೀನಿ ಸಾಕು ಅಂದೆ. ಆ ನೀರಿಗೆ ಬೆಲೆ ಇಲ್ವಾ?” ಇದೆ ಅಂದೆ. “ಮತ್ತೆ ಪಾಸ್ಟರ್ ಮಾತನ್ನ ನುಂಗಿಬಿಟ್ರಲ್ಲಾ!”

ಅರ್ಪಿತಾಗೆ ಯಾರು ಹೇಳಿದರೋ. ಅಹ್ಮದಾಬಾದಿನ ಬೋಡಕ್‌ದೇವ್ ಆಫೀಸಿನಿಂದಲೇ ಫೋನ್ ಮಾಡಿದಳು. “ಮಮ್ಮಿ, ಗ್ರೂಪ್‌ನಲ್ಲಿ ನೀನು ಟ್ರೆಂಡಿಂಗ್. ಸಹೀ ಕಿಯಾ.” ಇಪ್ಪತ್ನಾಲ್ಕು ವರ್ಷದ ಮಗಳ ಶಹಭಾಸ್‌ಗಿರಿ. ಇದಕ್ಕಿಂತ ಬೈಗುಳ ವಾಸಿ.

ಈಗ ಊಟದ ಹೊತ್ತಿಗೆ ರೋಹನ್ ಫೋನ್ ಮಾಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಿತ್ತು. “ಆಂಟಿ, ನಾನು ತಪ್ಪಿರಬಹುದು. ಆದರೆ ನನಗೆ ಕನ್ನಡ ಬರುವುದಿಲ್ಲ. ನಿಮ್ಮ ಬಾಯನ್ನೇ ನಂಬಿಕೊಂಡು ನಾನು ಅಲ್ಲಿ ನಿಲ್ಲುತ್ತೇನೆ.”

ತಿನ್ನುತ್ತಿದ್ದ ಡಬ್ಬಿ ಮುಚ್ಚಿದೆ.

“ಅಜ್ಜಿಗೆ ನಾನೇ ಹೇಳುತ್ತೇನೆ” ಅಂದ. ಬೇಡ ಅಂದೆ. ಬುಧವಾರ ಬರುತ್ತಾನಂತೆ.

5 ಮಾರ್ಚ್, ಬುಧವಾರ. ಸಂಜೆ 7

ಬಂದ. ಕೈಯಲ್ಲಿ ಚೀಟಿ, ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನಾನು ತರ್ಜುಮೆ ಮಾಡುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತೆ.

“ಅಜ್ಜಿ… ಭೋಜನ… ತಗೋ… ಬೇಡ.”

ಅತ್ತೆ ಚಪಾತಿ ಹಿಟ್ಟು ನಾದುತ್ತಿದ್ದರು. “ಯಾಕಪಾ? ಹೊಟ್ಟಿ ಕೆಟ್ಟೈತೇನು? ಒಂದಿಷ್ಟು ಮಜ್ಜಿಗಿ ಕುಡಿ.”

“ಇಲ್ಲ ಇಲ್ಲ. ನಾನು ತಗೋ. ನೀವು ಬೇಡ.”

ಅತ್ತೆ ನನ್ನ ಕಡೆ ತಿರುಗಿದರು. “ನಮ್ಮನೀಗೆ ಬಂದು, ತಾ ಉಣ್ಣತಾನಂತ, ನಾ ಉಣ್ಣಬಾರದಂತ. ಏನವಾ ಇದು?”

ಇನ್ನೊಂದು ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಅವನು ಚೀಟಿ ಮಡಚಿದ. ಕಿವಿಯವರೆಗೂ ಕೆಂಪು. ನನ್ನ ಕಡೆ ನೋಡಿದ. ಬೇಡಲಿಲ್ಲ, ಸುಮ್ಮನೆ ನೋಡಿದ.

ಹೇಳಿದೆ. ಭಾನುವಾರ ಅವನು ಓದಿದ್ದು ಪೂರಾ. ಒಂದು ಪದ ಬಿಡದೆ. ‘ತಟ್ಟೆಯನ್ನು ದಾಟಿಸಿ’ ಅನ್ನುವುದನ್ನೂ.

ಅತ್ತೆ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದರು. ಕೈ ತೊಳೆದರು. “ಐತವಾರ ಇದನ್ನ ಹೇಳಿದ್ನೇನು ಇವ?”

“ಹೌದ್ರೀ ಅತ್ತಿ.”

“ನೀ ಏನು ಹೇಳಿದಿ ಮತ್ತ?”

ಅದನ್ನೂ ಹೇಳಿದೆ.

ರೋಹನ್‌ಗೆ ಬೈಯಲಿಲ್ಲ ಅವರು. “ನಿನ್ನ ಮನಸ್ಸಿಗೆ ತಿಳಿದದ್ದು ನೀ ಹೇಳಿದಿ, ಇರಲಿ. ಕುಂದ್ರು, ಚಪಾತಿ ಮಾಡತೀನಿ” ಅಂದರು. ಆಮೇಲೆ ನನಗೆ: “ಮಂದಿ ಮುಂದ ನನ್ನ ಕೂಸು ಮಾಡಿದಿ. ನಾ ಬ್ಯಾಡಾದ ಕಡೆ ಕೈಚಾಚಿ ತಿಂದೆ, ಎಲ್ಲಾರಿಗೂ ಗೊತ್ತಿತ್ತು, ನನಗೊಬ್ಬಾಕಿಗೆ ಗೊತ್ತಿರಲಿಲ್ಲ.”

ರೋಹನ್ ನಾಲ್ಕು ಚಪಾತಿ ತಿಂದು ಹೋದ. ನನಗೆ ಒಂದೂ ಇಳಿಯಲಿಲ್ಲ. ಯಾರನ್ನು ಉಳಿಸಲು ಹೊರಟೆನೋ ಅವರೇ ನನ್ನ ಜೊತೆ ಮಾತು ಬಿಟ್ಟರು. ತಟ್ಟೆ ಕಿತ್ತುಕೊಂಡವನಿಗೆ ಬೆಣ್ಣೆ ಹಚ್ಚಿದ ಚಪಾತಿ!

9 ಮಾರ್ಚ್, ಭಾನುವಾರ

ನನ್ನ ಬದಲು ಬಾಲಕೃಷ್ಣ ಅವರು ತರ್ಜುಮೆ. ಪಾಸ್ಟರ್ ಮೂರು ವಾಕ್ಯ ಹೇಳಿದರೆ ಇವರದು ಒಂದು: “ಅಂದ್ರೆ, ದೇವರು ಒಳ್ಳೇವ್ನು ಅಂತ.” ಮತ್ತೆ ಮೂರು ವಾಕ್ಯ. “ಅದೇ, ಒಳ್ಳೇವ್ನು ಅಂತ ಹೇಳಿದ್ನಲ್ಲಾ.” ಸಭೆ ಅರ್ಧ ಗಂಟೆ ಮೊದಲೇ ಮುಗಿಯಿತು. ಎಲ್ಲರಿಗೂ ಖುಷಿ.

ಅತ್ತೆ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಬೇಕಾದ್ದನ್ನು ಗೋಡೆಗೆ ಹೇಳುತ್ತಾರೆ. “ಇಲ್ಲೆ ಒಂದು ಗುಳಿಗಿ ಇತ್ತು.”

20 ಮಾರ್ಚ್, ಗುರುವಾರ

ಮಾರ್ಚ್ ಎಂಡಿಂಗ್, ತಲೆ ಎತ್ತಲು ಸಮಯವಿಲ್ಲ. ಆದರೂ ಊಟದ ಹೊತ್ತಿನಲ್ಲಿ ಆ ಹಾಲೆಂಡಿನ ಪಾದ್ರಿಯ ಬಗ್ಗೆ ಹುಡುಕಿ ಓದಿದೆ. ಸಿಕ್ಕಿತು! ಅವನು ಮುಳುಗಿರಲೇ ಇಲ್ಲ. ತಲೆಯ ಮೇಲೆ ನೀರು ಸುರಿದುಕೊಂಡಿದ್ದ, ಅಷ್ಟೇ. ಮುಳುಗುವುದು ರೂಢಿಗೆ ಬಂದದ್ದು ಮೂವತ್ತು ವರ್ಷ ಕಳೆದು. ತಕ್ಷಣ ರೋಹನ್‌ಗೆ ಮೆಸೇಜ್: ‘ನಿಮ್ಮ ನಿಯಮದ ಪ್ರಕಾರ ಮೊಟ್ಟಮೊದಲ ಬ್ಯಾಪ್ಟಿಸ್ಟನಿಗೂ ತಟ್ಟೆ ಸಿಗುವುದಿಲ್ಲ.’

ಎರಡು ಗಂಟೆ ಬಿಟ್ಟು ಉತ್ತರ. ‘ಹೌದು ಆಂಟಿ. ಕಾಲೇಜಿನಲ್ಲಿ ಅದನ್ನು ಓದಿದಾಗ ನಾನೂ ಒದ್ದಾಡಿದ್ದೇನೆ. ಆದರೆ ಅವನು ನಂಬಿದ ಮೇಲೆ ಸುರಿದುಕೊಂಡ. ಪ್ರಶ್ನೆ ನೀರು ಎಷ್ಟು ಅನ್ನುವುದಲ್ಲ, ಯಾವುದು ಮೊದಲು ಅನ್ನುವುದು.’

ಕೆಳಗೆ ಇನ್ನೊಂದು: ‘ನೀವು ಓದುತ್ತಿರುವುದು ಸಂತೋಷ.’

ಫೋನ್ ಎಸೆಯಬೇಕು ಅನ್ನಿಸಿತು.

31 ಮಾರ್ಚ್, ಸೋಮವಾರ

ರೋಹನ್ ಫೋನ್. ಬಾಲಕೃಷ್ಣ ಅವರು ಮಗಳ ಮನೆಗೆ ಸೂರತ್‌ಗೆ ಹೋಗುತ್ತಾರೆ, ಬರುವ ಭಾನುವಾರ ನಾನೇ ನಿಲ್ಲಬೇಕಂತೆ. ಕರ್ತನ ಭೋಜನದ ಭಾನುವಾರ. “ಆ ಪ್ರಕಟಣೆಯನ್ನು ಮತ್ತೆ ಓದುತ್ತೇನೆ. ನೀವು ಅದನ್ನೇ ಹೇಳುತ್ತೀರಾ?”

ಹೇಳುತ್ತೇನೆ ಅಂದೆ.

ಅತ್ತೆ ಗೋಡೆಯನ್ನು ಬಿಟ್ಟು ನನಗೇ ಅಂದರು, ಇಪ್ಪತ್ತಾರು ದಿನ ಆದಮೇಲೆ: “ನಾನೂ ಬರತೀನಿ. ಮನ್ಯಾಗ ಕುಂದ್ರಾಕ ನಾ ಏನು ಕಳವು ಮಾಡೀನೇನು?”

6 ಏಪ್ರಿಲ್, ಭಾನುವಾರ. ಸಂಜೆ 7.30

ಅವನು ಓದಿದ. ನಾನು ಹೇಳಿದೆ. ಇದ್ದದ್ದು ಇದ್ದ ಹಾಗೆ.

ಅರ್ಪಿತಾ ಬಂದಿದ್ದಳು, ಅಜ್ಜಿಯ ಎಡಕ್ಕೆ. ಬಲಕ್ಕೆ ಖಾಲಿ ಕುರ್ಚಿ. ಬಾಲಕೃಷ್ಣ ಅವರಿಲ್ಲದ್ದರಿಂದ ಆ ಕಡೆಯ ಸಾಲುಗಳಿಗೆ ರೋಹನ್ ತಾನೇ ತಟ್ಟೆ ಹಿಡಿದು ಹೋದ. ಒಂದು, ಎರಡು. ಮೂರನೆಯ ಸಾಲು.

ಅತ್ತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ತಲೆ ತಗ್ಗಿಸಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದರು. ಕೋಪವಿಲ್ಲ, ಏನಿಲ್ಲ. ದಾಟಿ ಹೋಗಲಿ ಅಂತ ಕಾಯುತ್ತಿದ್ದರು.

ಅವನು ದಾಟಲಿಲ್ಲ. ಕೊಡಲೂ ಇಲ್ಲ. ತಟ್ಟೆಯನ್ನು ಅರ್ಪಿತಾಳ ಕೈಗೆ ಕೊಟ್ಟು ಆ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟ. ತಟ್ಟೆ ಕೈಯಿಂದ ಕೈಗೆ ಹೋಗಿ ಹಿಂದಿನ ಸಾಲು ಮುಟ್ಟಿತು. ಲೋಟಗಳೂ ಹೋದವು. ಎಲ್ಲರೂ ಪಾಸ್ಟರ್ ಎದ್ದು ಬಂದು ಆಶೀರ್ವಾದ ಹೇಳಲಿ ಅಂತ ಕಾದರು.

ಕೂತಲ್ಲಿಂದಲೇ, ಮೈಕಿಲ್ಲದೆ, ಇಂಗ್ಲಿಷಿನಲ್ಲಿ ಒಂದು ವಾಕ್ಯ ಅಂದ. ಮುಂದೆ ನಿಂತಿದ್ದ ನನಗೆ ಕೇಳುವಷ್ಟು ಮಾತ್ರ. ನಲವತ್ತು ಮುಖ ನನ್ನ ಕಡೆ ತಿರುಗಿದವು.

“ಇವತ್ತು ನನ್ನಿಂದಲೂ ತೆಗೆದುಕೊಳ್ಳಲಾಗಲಿಲ್ಲ” ಅಂತ ಹೇಳಿದೆ.

ಇದು ಎದೆ ತಟ್ಟಿತು ಅಂತ ಬರೆಯುವವಳಿದ್ದೆ. ಆದರೆ ಮೆಟ್ಟಿಲ ಹತ್ತಿರ ಅತ್ತೆ ಅವನನ್ನು ತಡೆದು ನಿಲ್ಲಿಸಿದರು. “ಪಾಸ್ಟರ್ ಆದಾಂವ ಉಪಾಸ ಕುಂತ್ರ ಮಂದಿ ಏನನ್ನಬೇಕು? ನೀ ಹಸಿದ್ರ ನನ್ನ ಹೊಟ್ಟಿ ತುಂಬತೈತೇನು? ಕೊಡಬೇಕು ಅನ್ಸಿದ್ರ ಕೊಡು. ಬ್ಯಾಡ ಅನ್ಸಿದ್ರ ಮುಂದ ನಡಿ. ನಡುವ ಕುಂದ್ರಬ್ಯಾಡ.”

ನನಗೆ: “ಹೇಳವಾ ಇದನ್ನ ಅವಗ.”

ಹೇಳಿದೆ. ಒಂದು ಪದ ಬಿಡದೆ. ಬಹಳ ಸಂತೋಷದಿಂದ.

15 ಏಪ್ರಿಲ್, ಮಂಗಳವಾರ

ರೋಹನ್ ತೀರ್ಮಾನಿಸಿದ್ದಾನೆ. ಇದನ್ನು ಡೀಕನ್ನರು ಮೂವರು ಕೂತು ನಿರ್ಧರಿಸಿದ್ದೇ ತಪ್ಪು, ಬ್ಯಾಪ್ಟಿಸ್ಟ್ ಸಭೆಯಲ್ಲಿ ಇಡೀ ಸಭೆ ಕೈ ಎತ್ತಬೇಕು ಅಂತ. ಹಾಗಾದರೆ ಇದು ಮಾರ್ಚ್‌ನಲ್ಲಿ ಹೊಳೆಯಲಿಲ್ಲವೇ? ಕೇಳಿದೆ. “ಇಲ್ಲ ಆಂಟಿ” ಅಂದ. ಹೀಗೆ ಒಪ್ಪಿಕೊಂಡುಬಿಡುವವರ ಜೊತೆ ಜಗಳವಾಡುವುದು ಹೇಗೆ?

ಈಸ್ಟರ್ ಮುಗಿದ ಮೇಲೆ, 27ಕ್ಕೆ. ಯಾರು ಬೇಕಾದರೂ ಮಾತಾಡಬಹುದು. “ಅಜ್ಜಿ ಮಾತಾಡುತ್ತಾರಾ, ಕೇಳಿ” ಅಂದ.

ಅತ್ತೆ ಒಪ್ಪುವುದಿಲ್ಲ ಅಂತಲೇ ಕೇಳಿದೆ. “ಹೂಂ” ಅಂದರು. ಅಷ್ಟೇ.

27 ಏಪ್ರಿಲ್, ಭಾನುವಾರ. ಸಂಜೆ 8

ಮೊದಲು ಬಾಲಕೃಷ್ಣ ಅವರು. ನಿಯಮ ಯಾಕೆ ಬೇಕು ಅಂತ ಚೆನ್ನಾಗಿಯೇ ಹೇಳಿದರು. ಮುಳುಗಿದ ಮೇಲೆ ಮನೆ ಮಂದಿ ಬಿಟ್ಟರು, ಅಣ್ಣ ಹತ್ತು ವರ್ಷ ಮಾತಾಡಿಸಲಿಲ್ಲ. ಕಾಲುವೆಯಲ್ಲಿ ಮುಳುಗಿದ್ದು ಅವರಿಗೆ ಶಾಸ್ತ್ರವಲ್ಲ. ಕೇಳುತ್ತಾ ನನಗೇ ನಾಚಿಕೆಯಾಯಿತು. ನನ್ನದು ಫಾರ್ಮು, ಅವರದು ಬದುಕು.

ಆಮೇಲೆ ನಾನು, ಹಾಲೆಂಡಿನ ಪಾದ್ರಿಯನ್ನು ಹಿಡಿದು ಹತ್ತು ನಿಮಿಷ. ಅರ್ಧ ಜನ ಫೋನ್ ನೋಡುತ್ತಿದ್ದರು.

ಆಮೇಲೆ ಅತ್ತೆ ಎದ್ದರು. ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತರು. ರೋಹನ್‌ಗೂ ಇಲ್ಲೇ ಹುಟ್ಟಿದ ಹುಡುಗರಿಗೂ ತಿಳಿಯಲಿ ಅಂತ ನಾನು ಹಿಂದಿಯಲ್ಲಿ ತರ್ಜುಮೆ.

“ನಾ ಇಪ್ಪತ್ತು ದಿನದ ಕೂಸಿದ್ದಾಗ ನೀರು ಹಾಕಿದ್ರು. ಪಾಸ್ಟರ್ ಹೇಳೂದು ಖರೇ, ಆಗ ನನಗ ನಂಬಿಕಿ ಇರಲಿಲ್ಲ. ಹದಿನಾಲ್ಕಕ್ಕ, ನಂಬೀನಿ ಅಂತ ಮಂದಿ ಮುಂದ ಹೇಳೂ ದೃಢೀಕರಣ ಆತು. ಆಗೂ ಇರಲಿಲ್ಲ. ಎಲ್ಲಾ ಹುಡಿಗ್ಯಾರೂ ಬಿಳಿ ಸೀರಿ ಉಟ್ಟಿದ್ರು, ನಾನೂ ಉಟ್ಟೆ.”

ನಕ್ಕರು ಜನ. ತರ್ಜುಮೆ ಮಾಡಿದೆ, ಮತ್ತೆ ನಕ್ಕರು.

“ನನ್ನ ಮೊದಲನೇ ಕೂಸು ಹನ್ನೊಂದು ತಿಂಗಳಿಗೆ ಹೋತು. ವಾಂತಿ ಭೇದಿ.”

ತರ್ಜುಮೆ ಬಿಟ್ಟು ಅವರನ್ನೇ ನೋಡಿದೆ. ಇಪ್ಪತ್ತೇಳು ವರ್ಷದಿಂದ ಈ ಮನೆಯ ಸೊಸೆ ನಾನು. ಪ್ರಸನ್ನನೇ ಮೊದಲ ಮಗು ಅಂತಲೇ ಎಲ್ಲರ ಬಾಯಲ್ಲೂ. ಯಾವ ಕೂಸು? ಯಾವಾಗ? ಅತ್ತೆ ನನ್ನ ಕಡೆ ತಿರುಗಿದರು.

“ಹೇಳು. ಬಿಡಬ್ಯಾಡ.”

ಹೇಳಿದೆ. ಹಿಂದಿಯಲ್ಲಿ ಆ ವಾಕ್ಯ ಇನ್ನೂ ಚಿಕ್ಕದಾಯಿತು.

“ಎರಡು ವರ್ಷ ನಾ ಚರ್ಚಿಗೆ ಕಾಲಿಡಲಿಲ್ಲ. ದೇವರ ಜೋಡಿ ಮಾತು ಬಿಟ್ಟಿದ್ದೆ. ಒಂದು ಐತವಾರ ಯಾಕೋ ಎದ್ದೆ, ಹೋದೆ. ಎಲ್ಲಾರಿಗಿಂತ ಹಿಂದ ಕುಂತೆ. ಪಾದ್ರಿಸಾಹೇಬ್ರು ಅಲ್ಲಿತನಾ ನಡಕೊಂಡು ಬಂದು ಕೈಯಾಗ ರೊಟ್ಟಿ ಇಟ್ರು. ಎಲ್ಲಿ ಹೋಗಿದ್ದಿ ಅಂತ ಕೇಳಲಿಲ್ಲ. ಅವತ್ತು ನಂಬಿದೆ ನಾ.”

ಕನ್ನಡಕ ಸರಿಮಾಡಿಕೊಂಡರು.

“ನೀರು ಮೊದಲ ಬಿತ್ತು, ನಂಬಿಕಿ ಆಮ್ಯಾಲ ಬಂತು. ತಿರುವುಮುರುವು ಆತು. ಏನು ಮಾಡ್ಲಿ? ಬಂದದ್ದಂತೂ ಖರೇ. ಈಗ ಮತ್ತ ನೀರಾಗ ಇಳಿ ಅಂತೀರಿ. ಇಳಿದ್ರ ಮೊದಲಿಂದೆಲ್ಲಾ ಸುಳ್ಳು ಅಂದಂಗ ಆಗತೈತಿ. ಕೊಟ್ರ ತಗೋತೀನಿ. ಬಿಟ್ರ ಇಲ್ಲೇ ಕುಂದರತೀನಿ. ಆದ್ರ ಆ ರೊಟ್ಟಿ ಸುಳ್ಳು ಅಂತ ಮಾತ್ರ ಅನಬ್ಯಾಡ್ರಿ.”

ಕೂತರು. ನಾನು ಹೇಳಿ ಮುಗಿಸಿದೆ. ಹೇಗೆ ಮುಗಿಸಿದೆನೋ ಗೊತ್ತಿಲ್ಲ, ಅರ್ಪಿತಾ ಹೇಳುತ್ತಾಳೆ ಸರಿಯಾಗಿತ್ತು ಅಂತ. ಅವಳ ಕನ್ನಡ ಎಷ್ಟೆಂದು ನನಗೆ ಗೊತ್ತು.

ಕೈ ಎತ್ತಿದರು. ಸದಸ್ಯತ್ವಕ್ಕೆ ಮುಳುಗಲೇಬೇಕು, ಅದು ಹಾಗೇ ಇರಲಿ. ಭೋಜನ ಮಾತ್ರ ಯೇಸುವನ್ನು ನಂಬಿದ್ದೇನೆ ಅನ್ನುವ ಎಲ್ಲರಿಗೂ. ಹದಿನೇಳು ಪರ, ಎಂಟು ವಿರೋಧ. ರೋಹನ್ ಎರಡರಲ್ಲೂ ಎತ್ತಲಿಲ್ಲ. ಬಾಲಕೃಷ್ಣ ಅವರು ವಿರೋಧವಾಗಿ ಎತ್ತಿದರು, ಎತ್ತರಕ್ಕೇ. ಆಮೇಲೆ ಅತ್ತೆಯ ಹತ್ತಿರ ಬಂದು ನಿಂತರು. “ಅಮ್ಮಾ, ನಾನು ನಿಮ್ಮ ಕಡೆ ಕೈ ಎತ್ತಲಿಲ್ಲ.”

“ಕಂಡೆ ಬಿಡೋ. ಚಾ ಕುಡದು ಹೋಗು.”

ಮನೆಗೆ ಬಂದು ಕೇಳಿದೆ. ಹೆಸರೇನಿತ್ತು? “ಕೃಪಾ.” ಪ್ರಸನ್ನಗ ಗೊತ್ತಿತ್ತೇನ್ರೀ? “ಅವ ಕೇಳಲಿಲ್ಲ, ನಾ ಹೇಳಲಿಲ್ಲ.” ಅಕ್ಕಿ ತೊಳೆಯುತ್ತಾ: “ನೀ ಯಾಕ ಸುಮ್ಮನ ಮೂಗು ಒರಿಸ್ಕೋತ ಕುಂತಿ? ಕುಕ್ಕರ್ ಇಡು.”

29 ಏಪ್ರಿಲ್, ಮಂಗಳವಾರ

ಕೆಲಸ ಹೋಯಿತು. ತರ್ಜುಮೆಯದು.

ರೋಹನ್ ಇನ್ನು ಮೇಲೆ ಕನ್ನಡದಲ್ಲೇ ಪ್ರಸಂಗ ಮಾಡುತ್ತಾನಂತೆ. “ಎಷ್ಟು ಬರುತ್ತದೋ ಅಷ್ಟು. ನೀವು ಕಲಿಸಿ ಆಂಟಿ.” ನನ್ನ ಮೇಲೆ ನಂಬಿಕೆ ಇಲ್ಲ ಅಂತಲಾ, ಕೇಳಿದೆ ನೇರವಾಗಿ. ಯೋಚಿಸಿದ. “ಸ್ವಲ್ಪ ಅದೂ ಹೌದು.”

ಸುಳ್ಳು ಹೇಳಲು ಬಾರದ ಹುಡುಗ. ದಿನಾ ಅರ್ಧ ಗಂಟೆ ಫೋನಿನಲ್ಲಿ ಪಾಠ. ‘ಲ’ ಅನ್ನು ‘ಳ’ ಅನ್ನುತ್ತಾನೆ, ‘ಳ’ ಅನ್ನು ‘ಲ’. ಎರಡೂ ಬರುತ್ತವೆ ಅಂತಾಯಿತು, ಅದಲುಬದಲು ಯಾಕೆ?

4 ಮೇ, ಭಾನುವಾರ. ಸಂಜೆ 6.30

ರೋಹನ್ ಹದಿನಾಲ್ಕು ನಿಮಿಷ ಕನ್ನಡದಲ್ಲಿ ಮಾತಾಡಿದ. ಬೆವರು ಇಳಿಯುತ್ತಿತ್ತು. ‘ಕರ್ತನು ನನ್ನ ಕುರಿ’ ಅಂದ. ಕುರುಬ! ಕುರುಬ! ಐದು ದಿನ ಹೇಳಿಕೊಟ್ಟಿದ್ದೆ. ಎದ್ದು ನಿಂತು ತಿದ್ದಿಬಿಡುತ್ತಿದ್ದೆ, ಅತ್ತೆ ಮೊಣಕೈಯಿಂದ ತಿವಿದರು. “ಕುಂದ್ರು. ತಿಳೀತು ಎಲ್ಲಾರಿಗೂ.”

ಹೌದು, ನಾನು ಅತ್ತೆಯ ಪಕ್ಕ ಕೂತಿದ್ದೆ. ಪ್ರಸಂಗದ ಹೊತ್ತಿನಲ್ಲಿ ಕೈ ಖಾಲಿ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ತಟ್ಟೆ ಹಿಡಿದು ಬಂದವರು ಬಾಲಕೃಷ್ಣ ಅವರು. ಮುಖ ಗಂಟು. ವಿರೋಧ ವಿರೋಧವೇ. ಅತ್ತೆಯ ಮುಂದೆ ಹಿಡಿದು, ಕನ್ನಡಕ ತೆಗೆದಿದ್ದ ಅವರ ಬೆರಳು ತಟ್ಟೆಯ ಅಂಚು ತಡವಿದಾಗ ತಾವೇ ಒಂದು ತುಂಡು ತೆಗೆದು ಅಂಗೈಯಲ್ಲಿಟ್ಟರು. ಅತ್ತೆ ಬಾಯಿಗೆ ಹಾಕಿಕೊಂಡರು. ಮುಂದೆ ನಿಂತಿದ್ದ ರೋಹನ್ ನೋಡಿ ಆ ಕಡೆ ತಿರುಗಿಕೊಂಡ.

ನಾನೂ ತೆಗೆದುಕೊಂಡೆ. ಎಷ್ಟೋ ವರ್ಷದ ಮೇಲೆ, ಮುಂದಿನ ವಾಕ್ಯ ಏನಿರಬಹುದು ಅಂತ ಕಾಯದೆ.

ಈಗ ಚಹಾ ಇಟ್ಟು ಕೂತಿದ್ದೇನೆ, ಫೋನ್. ಅವನೇ. ಇದು ಮೂರನೇ ಸಲ. ಮುಂದಿನ ವಾರದ ಪ್ರಸಂಗದಲ್ಲಿ ‘ಕ್ಷಮೆ’ ಒಂಬತ್ತು ಸಲ ಬರುತ್ತದಂತೆ, ಅವನ ನಾಲಿಗೆಗೆ ‘ಕ್ಷ’ ಹೊರಳುತ್ತಿಲ್ಲ, ಸುಲಭದ ಪದ ಬೇಕಂತೆ. ಭಾನುವಾರ ಸಂಜೆಯಾದರೂ ಮನುಷ್ಯರನ್ನು ಬಿಡಬೇಕಲ್ಲ! ಒಳಗಿನಿಂದ ಅತ್ತೆ, “ಎತ್ತವಾ, ಪಾಪ” ಅನ್ನುತ್ತಿದ್ದಾರೆ. ಸುಲಭದ ಪದವಂತೆ. ಅದಕ್ಕೆ ಸುಲಭದ ಪದ ನಾನೆಲ್ಲಿಂದ ತರಲಿ? ಅತ್ತೆಯನ್ನೇ ಕೇಳಬೇಕು. ಎತ್ತುತ್ತೇನೆ.